ಕಣಿವೆಯೊಳಗಿನ ಕೆಳಹಾರಾಟ ಏಕೆ ಇಷ್ಟು ಅಪಾಯಕಾರಿ?

ಪ್ರಶ್ನೆ: ಸೇನಾ ವಿಮಾನಗಳು ತರಬೇತಿಗಾಗಿ ಬೆಟ್ಟಗಳ ನಡುವೆ ತೀರ ಕೆಳಗೆ ಹಾರುತ್ತವೆ. ಪೈಲಟ್‌ಗಳು ನುರಿತವರು, ಎತ್ತರ ತೋರಿಸುವ ಉಪಕರಣಗಳೂ ಇವೆ. ಆದರೂ ಅವಘಡಗಳು ಸಂಭವಿಸುವುದೇಕೆ?

ಉತ್ತರ: ಬೆಟ್ಟದ ಮರೆಯಲ್ಲಿ ಶತ್ರುವಿನ ರಾಡಾರ್‌ಗೆ ಸಿಗದಂತೆ ಸಾಗುವುದನ್ನು ಕಲಿಸಲು ಈ ಅಭ್ಯಾಸ ನಡೆಯುತ್ತದೆ. ಗಂಟೆಗೆ 830 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಒಂದು ಸೆಕೆಂಡಿಗೆ ಸುಮಾರು 230 ಮೀಟರ್ ಕ್ರಮಿಸುತ್ತದೆ. ಪೈಲಟ್ ಮೂರು ಸೆಕೆಂಡು ನಕ್ಷೆಯತ್ತ ಕಣ್ಣು ಹೊರಳಿಸಿದರೆ ಅಷ್ಟರಲ್ಲಿ ಸುಮಾರು 700 ಮೀಟರ್ ನೆಲ ಹಿಂದೆ ಸರಿದಿರುತ್ತದೆ. ಅದೇ ವೇಗದಲ್ಲಿ, ಗುರುತ್ವದ ನಾಲ್ಕು ಪಟ್ಟು ಒತ್ತಡ ತಾಳಿಕೊಂಡು ಬಿಗಿಯಾಗಿ ತಿರುಗಿದರೂ, ವಿಮಾನ ಹಿಮ್ಮುಖವಾಗುವಷ್ಟರಲ್ಲಿ ಹೆಚ್ಚುಕಡಿಮೆ 2.8 ಕಿ.ಮೀ. ಅಗಲದ ಜಾಗ ಬೇಕಾಗುತ್ತದೆ. ಅಷ್ಟು ಅಗಲವಿಲ್ಲದ ಕಣಿವೆಯಲ್ಲಿ ಹಿಂತಿರುಗುವ ದಾರಿಯೇ ಇರುವುದಿಲ್ಲ, ಮೇಲೇರುವುದೊಂದೇ ಉಳಿಯುತ್ತದೆ.

ನೀವು ಹೇಳಿದ ಉಪಕರಣದ ಮಿತಿಯೂ ಇಲ್ಲೇ ಇದೆ. ರಾಡಾರ್ ಆಲ್ಟಿಮೀಟರ್ ಕೆಳಗಿನ ನೆಲದ ದೂರವನ್ನು ಅಳೆಯುತ್ತದೆಯೇ ಹೊರತು ಎದುರಿಗೆ ಎದ್ದು ನಿಂತ ಇಳಿಜಾರನ್ನಲ್ಲ. ಇದಲ್ಲದೆ, ಗಾಳಿ ಶಿಖರ ದಾಟಿ ಮರೆಯ ಬದಿಗೆ ಧುಮುಕುವಾಗ ವಿಮಾನವನ್ನೂ ಕೆಳಕ್ಕೆ ಒತ್ತುತ್ತದೆ, ಹಿಮ ಮುಚ್ಚಿದ ನೆಲದ ಮೇಲೆ ಮಬ್ಬು ಬೆಳಕಿದ್ದರೆ ಏರುತಗ್ಗುಗಳೇ ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ತಂತಿಗಳ ಅಪಾಯ. 1998ರ ಫೆಬ್ರವರಿ 3ರಂದು ಇಟಲಿಯ ಕವಲೇಸೆ ಬಳಿ ಅಮೆರಿಕದ ಮರೀನ್ ಪಡೆಯ ಪ್ರೌಲರ್ ವಿಮಾನವೊಂದು ತರಬೇತಿ ಹಾರಾಟದಲ್ಲಿದ್ದಾಗ ಕೇಬಲ್ ಕಾರಿನ ತಂತಿಯನ್ನು ಕತ್ತರಿಸಿತು. ಅಲ್ಲಿ ಹಾರಲು ಇಟಲಿ ವಿಧಿಸಿದ್ದ ಕನಿಷ್ಠ ಎತ್ತರ 2,000 ಅಡಿಯಾಗಿದ್ದರೆ, ವಿಮಾನ ತಂತಿಗೆ ತಗುಲಿದ್ದು ಸುಮಾರು 360 ಅಡಿ ಎತ್ತರದಲ್ಲಿ. ಸಿಬ್ಬಂದಿಯ ಅಮೆರಿಕನ್ ನಕ್ಷೆಯಲ್ಲಿ ಆ ಕೇಬಲ್ ಕಾರಿನ ಗುರುತೇ ಇರಲಿಲ್ಲ. ರೆಕ್ಕೆ, ಬಾಲಗಳಿಗೆ ಪೆಟ್ಟು ಬಿದ್ದಿದ್ದರೂ ವಿಮಾನ ತನ್ನ ನೆಲೆಗೆ ಮರಳಿತು. ಕೇಬಲ್ ಕಾರಿನ ತೊಟ್ಟಿಲಲ್ಲಿದ್ದ 20 ಮಂದಿಯೂ ಸತ್ತರು. ಅವರಲ್ಲಿ ಒಬ್ಬರೂ ಈ ಅಪಾಯವನ್ನು ಒಪ್ಪಿಕೊಂಡು ಹತ್ತಿದವರಲ್ಲ ಎಂಬುದನ್ನು ಮರೆಯುವುದು ನನ್ನಿಂದಾಗದು.

ಬೆಟ್ಟದ ಹಿನ್ನೆಲೆಯಲ್ಲಿ ತಂತಿ ಕಣ್ಣಿಗೆ ಬೀಳುವುದು ಅಪರೂಪ. ಆದ್ದರಿಂದ ಅನುಭವಿ ಪೈಲಟ್‌ಗಳು ತಂತಿಗಿಂತ ಮೊದಲು ಅದನ್ನು ಹೊತ್ತ ಕಂಬಗಳನ್ನು ಇಕ್ಕೆಲದ ಇಳಿಜಾರಿನಲ್ಲಿ ಹುಡುಕುತ್ತಾರೆ, ತಂತಿಯ ಜೋಲು ಎಷ್ಟೆಂದು ಊಹಿಸುವ ಬದಲು ಕಂಬದ ನೆತ್ತಿಯ ಮೇಲೆಯೇ ದಾಟುತ್ತಾರೆ. ಇದಕ್ಕೆ ಅಡೆತಡೆಗಳ ನಕ್ಷೆ ಹೊಸದಾಗಿರಬೇಕು, ಕನಿಷ್ಠ ಎತ್ತರದ ನಿಯಮ ಸಿಬ್ಬಂದಿಗೆ ಹೊರಡುವ ಮೊದಲೇ ತಿಳಿದಿರಬೇಕು. ಮೋಡ ಶಿಖರಗಳನ್ನು ಮುಚ್ಚಿದ ದಿನ ಕಣಿವೆಯ ಬಾಯಿಂದಲೇ ಮೇಲೇರಿ ಹಿಂದಿರುಗಿದ ಪೈಲಟ್‌ಗೆ, ಅಭ್ಯಾಸ ಅರ್ಧಕ್ಕೆ ಬಿಟ್ಟೆಯೇಕೆ ಎಂದು ಮೇಲಧಿಕಾರಿ ಕೇಳಬಾರದು.