ಸಂಪಾದಕರ ಉತ್ತರ: ಸಾವಿನ ಸುದ್ದಿಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ?

ಧಾರವಾಡದ ಓದುಗರೊಬ್ಬರ ಪತ್ರ: ‘ನಮ್ಮ ಮ್ಯಾನೇಜರ್ ಇರುವುದು ಇಂಗ್ಲೆಂಡಿನಲ್ಲಿ. ಅವರ ತಾಯಿ ತೀರಿಕೊಂಡರು. ಗ್ರೂಪಿನಲ್ಲಿ ಎಲ್ಲರೂ ಆರ್‌ಐಪಿ (ರೆಸ್ಟ್ ಇನ್ ಪೀಸ್, ಶಾಂತಿಯಿಂದ ವಿಶ್ರಮಿಸಲಿ) ಅಂತ ಹಾಕಿದರು, ನನಗೆ ಮನಸ್ಸು ಬರಲಿಲ್ಲ. ಬೇರೆ ಪದ ಹುಡುಕುತ್ತಾ ಎರಡು ವಾರ ಆಗೇ ಹೋಯ್ತು. ಈಗ ಬರೆದರೆ ಚೆನ್ನಾಗಿರುತ್ತಾ? ದುಃಖ ಹೇಳುವ ಒಳ್ಳೆಯ ಇಂಗ್ಲಿಷ್ ಪದಗಳನ್ನು ತಿಳಿಸಿ.’

ಖಂಡಿತ ಬರೆಯಿರಿ. ನಮ್ಮಲ್ಲಿ ಅದೇ ದಿನವೋ ಮರುದಿನವೋ ಮಣ್ಣು ಮಾಡಿಬಿಡುತ್ತೇವೆ, ಅದಕ್ಕೇ ಎರಡು ವಾರ ಅಂದರೆ ತುಂಬಾ ತಡ ಅನ್ನಿಸುತ್ತೆ. ಇಂಗ್ಲೆಂಡಿನಲ್ಲಿ ಅಂತ್ಯಕ್ರಿಯೆ ನಡೆಯುವುದೇ ಎಷ್ಟೋ ಸಲ ಎರಡು ಮೂರು ವಾರ ಕಳೆದ ಮೇಲೆ.

ಪದಗಳ ವಿಷಯ. ಗ್ರೀಫ್, ಸಾರೋ, ಬಿರೀವ್‌ಮೆಂಟ್, ಕಂಡೋಲೆನ್ಸ್ ಎಲ್ಲ ಇವೆ. ಡಿಕ್ಷನರಿ ತೆಗೆದರೆ ಇನ್ನೂ ಸಿಗುತ್ತವೆ. ನಿಮಗೆ ಅವು ಬೇಕಾಗಿಲ್ಲ. ‘ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್’ ತಪ್ಪಲ್ಲ, ಆದರೆ ಅಂಗಡಿಯಲ್ಲಿ ಸಿಗುವ ಸಂತಾಪದ ಕಾರ್ಡಿನ ಮೇಲೂ ಅದೇ ಇರುತ್ತೆ. ‘ಎಕ್ಸ್‌ಪೈರ್ಡ್’ ಅಂತ ಮಾತ್ರ ಬರೆಯಬೇಡಿ. ನಮ್ಮ ಆಫೀಸು, ಆಸ್ಪತ್ರೆಗಳಲ್ಲಿ ಅದು ಮರ್ಯಾದೆಯ ಮಾತೇ, ಅವರಿಗೆ ಮಾತ್ರ ಹಾಲಿನ ಪ್ಯಾಕೆಟ್ಟಿನ ತಾರೀಖು ನೆನಪಾಗುತ್ತೆ. ‘ಡೈಡ್’ ಅನ್ನಿ, ‘ಪಾಸ್ಡ್ ಅವೇ’ ಅನ್ನಿ, ಎರಡೂ ನಡೆಯುತ್ತೆ.

ಈ ವಿಷಯಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಬ್ರಹಾಂ ಲಿಂಕನ್ ಬರೆದ ಒಂದು ಪುಟ್ಟ ಪತ್ರ. 1862ರ ಡಿಸೆಂಬರ್ 23, ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದೆ. ಇಲಿನಾಯ್‌ನ ಹಳೆಯ ಸ್ನೇಹಿತ ವಿಲಿಯಂ ಮೆಕಲ್ಲ ಆ ತಿಂಗಳ 5ರಂದು ಯುದ್ಧದಲ್ಲಿ ಸತ್ತಿದ್ದರು. ಅವರ ಮಗಳು ಫ್ಯಾನಿ ದುಃಖದಿಂದ ಮೇಲೇಳಲಾಗದ ಸ್ಥಿತಿಯಲ್ಲಿದ್ದಾಳೆ ಅಂತ ತಿಳಿದು ಲಿಂಕನ್ ಅವಳಿಗೆ ಬರೆದರು. ಅಳಬೇಡ, ಧೈರ್ಯ ತಂದುಕೋ ಅಂತ ಎಲ್ಲೂ ಹೇಳಲಿಲ್ಲ. ದುಃಖ ಎಲ್ಲರಿಗೂ ಬರುತ್ತೆ, ಚಿಕ್ಕವರಿಗೆ ಅದು ಹೇಳದೆ ಕೇಳದೆ ಬರುವುದರಿಂದ ಸಂಕಟ ಜಾಸ್ತಿ ಅಂದರು. ಮುಂದೆ ಸರಿಹೋಗುತ್ತೇನೆ ಅಂತ ಈಗ ನಿನಗೆ ನಂಬಲು ಆಗುವುದಿಲ್ಲ, ಆದರೆ ಸರಿಹೋಗುತ್ತೀಯ, ಇದು ನಾನು ಅನುಭವಿಸಿ ಹೇಳುತ್ತಿರುವ ಮಾತು ಅಂತಲೂ ಬರೆದರು. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು ಅವರು, ಅದೇ ವರ್ಷ ಫೆಬ್ರವರಿಯಲ್ಲಿ ಮಗ ವಿಲ್ಲಿಯೂ ಹೋಗಿದ್ದ. ಪತ್ರದಲ್ಲಿ ಕಷ್ಟದ ಪದಗಳು ಕಡಿಮೆ, ಬರೆದಿದ್ದು ಒಬ್ಬಳಿಗೆ, ಅವಳ ಅಪ್ಪನ ಬಗ್ಗೆ.

ನೀವೂ ಹಾಗೇ ಶುರು ಮಾಡಿ: ‘ಐ ಆಮ್ ಸೋ ಸಾರಿ ಅಬೌಟ್ ಯುವರ್ ಮದರ್.’ ನಾನೇನು ತಪ್ಪು ಮಾಡಿದೆ ಅಂತ ಕೆಲವರು ಇಲ್ಲಿ ಅನುಮಾನಿಸುತ್ತಾರೆ. ಈ ‘ಸಾರಿ’ ಕ್ಷಮೆ ಅಲ್ಲ, ನಿಮ್ಮ ನೋವು ನನಗೂ ತಟ್ಟಿತು ಅನ್ನುವುದು. ಆಮೇಲೆ ಆ ತಾಯಿಯ ಬಗ್ಗೆ ಒಂದು ಮಾತು. ನೀವು ಅವರನ್ನು ನೋಡಿಲ್ಲದಿರಬಹುದು, ಆದರೆ ಮ್ಯಾನೇಜರ್ ಯಾವತ್ತೋ ಮೀಟಿಂಗಿನಲ್ಲಿ ಅಮ್ಮನ ತೋಟದ್ದೋ ಅಡುಗೆಯದ್ದೋ ಸುದ್ದಿ ಎತ್ತಿರುತ್ತಾರೆ, ಅಲ್ವಾ? ಅದು ನೆನಪಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೆ ಬಿಟ್ಟುಬಿಡಿ, ಕಟ್ಟಿ ಬರೆಯಬೇಡಿ.

‘ಅಟ್ ಲೀಸ್ಟ್’ (ಕೊನೇಪಕ್ಷ) ಅಂತ ಶುರುವಾಗುವ ವಾಕ್ಯ ಬೇಡವೇ ಬೇಡ. ‘ನರಳದೆ ಹೋದರಲ್ಲ, ಪುಣ್ಯವಂತರು’ ಅಂದರೆ ನಮ್ಮ ಮನೆಗಳಲ್ಲಿ ಅದು ಸಮಾಧಾನ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ, ಇಷ್ಟಕ್ಕೆಲ್ಲ ಯಾಕೆ ಅಳುತ್ತೀಯ ಅಂದ ಹಾಗೆ ಕೇಳಿಸಬಹುದು. ಅವರ ನಂಬಿಕೆ ಏನೆಂದು ಗೊತ್ತಿಲ್ಲದೆ ಸ್ವರ್ಗ, ಆತ್ಮದ ಮಾತೂ ಬೇಡ. ಆರ್‌ಐಪಿ ಹಾಕಲು ನಿಮ್ಮ ಮನಸ್ಸು ಒಪ್ಪದಿದ್ದುದು ಸರಿಯೇ. ಮೂರಕ್ಷರ ತಾಯಿಗೆ ಹೇಳಿದ್ದಾಯಿತು, ಮಗನಿಗೆ ಏನೂ ಹೇಳಿದಂತಾಗಲಿಲ್ಲ.

‘ಏನಾದರೂ ಬೇಕಿದ್ದರೆ ತಿಳಿಸಿ’ ಅಂತ ಸುಮ್ನೆ ಬರೆದರೆ ಯೋಚಿಸುವ ಕೆಲಸ ಅವರ ತಲೆಗೇ ಬೀಳುತ್ತೆ. ಈ ವಾರದ ರಿಪೋರ್ಟ್ ನಾನು ನೋಡಿಕೊಳ್ಳುತ್ತೇನೆ ಅನ್ನಿ, ನೋಡಿಕೊಳ್ಳಿ. ಕೊನೆಯಲ್ಲಿ ‘ನೋ ನೀಡ್ ಟು ರಿಪ್ಲೈ’ ಅಂತ ಸೇರಿಸಿ. ಅಮ್ಮನನ್ನು ಕಳೆದುಕೊಂಡವರು ಆಫೀಸಿನವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಾ ಕೂರಬೇಕಾಗಿಲ್ಲ.