ಇಂಪ್ರಾವ್ ಶೋಗೆ ಮೊದಲೇ ಎಷ್ಟು ಪಾತ್ರ ರೆಡಿ ಮಾಡಿಕೊಂಡಿರಬೇಕು?

ಒಂದೂ ಬೇಡ. ಇಂಪ್ರಾವ್ ಅಂದರೆ ಬರೆದಿಟ್ಟ ಮಾತುಗಳಿಲ್ಲದೆ ವೇದಿಕೆ ಮೇಲೇ ಆಗಿಂದಾಗ ಕಟ್ಟುವ ನಾಟಕ. ಹತ್ತು ಪಾತ್ರ, ಹತ್ತು ದನಿ ಕೈಯಲ್ಲಿದ್ದರೆ ವೇದಿಕೆ ಮೇಲೆ ತಡವರಿಸಲ್ಲ ಅಂದುಕೊಂಡಿದ್ದೀರಿ, ನಾನೂ ಹಾಗೇ ಅಂದುಕೊಂಡು ಒಂದು ನೋಟ್‌ಬುಕ್ಕೇ ತುಂಬಿಸಿದ್ದೆ.

ಅದರಲ್ಲಿ ನನ್ನ ಮುದ್ದಿನವನು ಒಬ್ಬ ನಿವೃತ್ತ ಗುಮಾಸ್ತ. ಮೂಗಿನಲ್ಲಿ ಮಾತು, ಒಂದು ಭುಜ ಮೇಲೆ, ಮದುವೆಯಾಗಿಲ್ಲ. ಎರಡು ವಾರ ಕನ್ನಡಿ ಮುಂದೆ ಅವನನ್ನು ತಿದ್ದಿದ್ದೆ. ಶೋ ದಿನ ಭುಜ ಎತ್ತಿಕೊಂಡು ಒಳಗೆ ಹೋದೆ. ಎದುರಿಗಿದ್ದ ಗೆಳತಿ ಇಲ್ಲದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, 'ಅಪ್ಪಾ, ಇವತ್ತಾದರೂ ಊಟ ಮಾಡು' ಅಂದಳು.

'ನನಗೆ ಮದುವೆನೇ ಆಗಿಲ್ಲ, ನೀನ್ಯಾರಮ್ಮ?' ಅಂದೆ.

ಜನ ನಕ್ಕರು. ಅಲ್ಲಿಗೆ ಮುಗಿಯಿತು, ಮುಂದೆ ಯಾರೂ ನಗಲಿಲ್ಲ.

ನಾನು ಮಾಡಿದ್ದೇನು ನೋಡಿ. ಆ ಒಂದು ಸಾಲಲ್ಲಿ ಅವಳು ಮಗಳು, ಮನೆ, ಉಪವಾಸ ಬಿದ್ದ ಅಪ್ಪ, ಅವನ ಹಠ ಎಲ್ಲವನ್ನೂ ಕೊಟ್ಟಿದ್ದಳು. ನಾನು ಅಲ್ಲಗಳೆದಾಗ ಅದರ ಜೊತೆ ಅವಳ ಪಾತ್ರವೂ ಅಳಿಸಿಹೋಯಿತು, ಅವಳೀಗ ಯಾರೂ ಅಲ್ಲ, ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಪಾಪ, ಪಕ್ಕದ ಮನೆ ಹುಡುಗಿಯಾಗಲು ನೋಡಿದಳು. ನೋಟ್‌ಬುಕ್ಕಲ್ಲಿ 'ನೆರೆಹೊರೆಯವರ ಜೊತೆ ಮಾತಿಲ್ಲ' ಅಂತ ಬರೆದಿದ್ದೆನಲ್ಲ, ಅದಕ್ಕೂ ಇಲ್ಲ ಅಂತ ತಲೆಯಾಡಿಸಿದೆ! ಆ ತಟ್ಟೆಯನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಅವಳು ಸುಮ್ಮನೆ ಕೈ ಕೆಳಗಿಳಿಸಿದಳು. ಸಾಕುಮಗಳು ಅಂದುಕೊಂಡಿದ್ದರೂ ಸಾಕಿತ್ತು, ನನಗೆ ಹೊಳೆಯಲೇ ಇಲ್ಲ. ನಾನು ಅವಳ ಮಾತು ಕೇಳುತ್ತಿರಲಿಲ್ಲ, ನನ್ನ ಗುಮಾಸ್ತನನ್ನು ಕಾಪಾಡಿಕೊಳ್ಳುತ್ತಿದ್ದೆ.

ಇಟಲಿಯ ಹಳೆಯ ಹಾಸ್ಯ ನಾಟಕ ಪ್ರಕಾರವಾದ ಕೊಮೆಡಿಯಾ ದೆಲ್ಲಾರ್ತೆಯಲ್ಲಿ ಜಿಪುಣ ಮುದುಕ ಪಾಂತಲೋನೆಯಂಥ ಸಿದ್ಧ ಪಾತ್ರಗಳು ಇರಲಿಲ್ವಾ ಅಂತ ನೀವು ವಾದಿಸಬಹುದು. ಇದ್ದವು. ಆದರೆ ಅಲ್ಲಿ ಕಥೆಯ ಚೌಕಟ್ಟೂ ಮೊದಲೇ ಇರುತ್ತಿತ್ತು, ಯಾರು ಯಾರ ಅಪ್ಪ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಬರೆದಿಟ್ಟ ಸ್ಕಿಟ್ ಆದರೆ ನಿಮ್ಮ ದನಿಗಳನ್ನು ಧಾರಾಳವಾಗಿ ತನ್ನಿ.

ಏನಾದರೂ ಅಭ್ಯಾಸ ಮಾಡಲೇಬೇಕು ಅಂದರೆ ಇಂಪ್ರಾವ್ ಗುರು ಕೀತ್ ಜಾನ್‌ಸ್ಟನ್ ಹೇಳಿಕೊಟ್ಟ 'ಸ್ಟೇಟಸ್' ಮಾಡಿ, ಅಂದರೆ ಯಾರು ಮೇಲು, ಯಾರು ಕೆಳಗು ಅನ್ನೋದನ್ನು ನಡವಳಿಕೆಯಲ್ಲೇ ತೋರಿಸುವುದು. ತಲೆ ಅಲ್ಲಾಡಿಸದೆ, ಎದುರಿನವರ ಮೇಲೆ ಕಣ್ಣಿಟ್ಟು 'ಕೂತ್ಕೊಳ್ಳಿ' ಅನ್ನಿ. ಅದೇ ಮಾತನ್ನು ಮುಖ ಮುಟ್ಟಿಕೊಳ್ಳುತ್ತಾ, ಕಣ್ಣು ತಪ್ಪಿಸಿ ಹೇಳಿ. ಮೊದಲನೆಯವನು ಯಜಮಾನ, ಎರಡನೆಯವನು ಸಾಲ ಕೇಳೋಕೆ ಬಂದವನು. ದನಿ ತಾನಾಗೇ ಬದಲಾಗಿರುತ್ತದೆ.

ಗುಮಾಸ್ತನ ಭುಜ ನನಗೆ ಈಗಲೂ ಆಗಾಗ ತಾನೇ ಮೇಲೇಳುತ್ತದೆ. ಕಳೆದ ಸಲ ಅವನಿಗೆ ಮೂರು ಜನ ಹೆಣ್ಣುಮಕ್ಕಳಿದ್ದರು.