ಸೊಪ್ಪಿನಬೆಟ್ಟವೂ ಕ್ರಯಕ್ಕೆ ಸೇರುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ಕಡೆ 2 ಎಕರೆ ಅಡಿಕೆ ತೋಟ ಕೊಳ್ಳುತ್ತಿದ್ದೇವೆ. ಕರಾರಿನಲ್ಲಿ 4 ಎಕರೆ ಸೊಪ್ಪಿನಬೆಟ್ಟಕ್ಕೂ (ತೋಟಕ್ಕೆ ಸೊಪ್ಪು ತರುವ ಕಾಡು) ದರ ಹಾಕಿದ್ದಾರೆ. ನೋಂದಣಿಯಾದರೆ ಅದು ನಮ್ಮದಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಬೆಟ್ಟ ಸರ್ಕಾರದ್ದು; ತೋಟದವರಿಗಿರುವುದು ಸೊಪ್ಪು, ದರಗು (ಒಣಗಿ ಉದುರಿದ ಎಲೆ) ತರುವ ಸವಲತ್ತು ಮಾತ್ರ. ಮಾರುವವರಿಗೇ ಇಲ್ಲದ ಒಡೆತನ ಕ್ರಯಪತ್ರದಿಂದ ನಿಮಗೆ ಬಾರದು. ಆ ಸರ್ವೆ ನಂಬರಿನ ಪಹಣಿ ತೆಗೆಸಿ 9ನೇ ಕಾಲಂ ನೋಡಿ, ‘ಸರ್ಕಾರ’ ಎಂದಿದ್ದರೆ ಆ ದರ ಹೊಡೆದುಹಾಕಿಸಿ.

ತೋಟದ ಪಹಣಿಯಲ್ಲಿ 11ನೇ ಕಾಲಂ ಮುಖ್ಯ: ಸೊಸೈಟಿ ಸಾಲ ಅಲ್ಲೇ ಕಾಣುವುದು. ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನ ತೋರಿಸುವ ಋಣಭಾರ ಪತ್ರ (ಇ.ಸಿ.) 30 ವರ್ಷದ್ದಿರಲಿ. ಮೂಲದಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಂಜೂರಾತಿ ಆದೇಶದ ಷರತ್ತು ಓದದೆ ಮುಂಗಡ ಕೊಡಬೇಡಿ. ಸರ್ವೆ ನಂಬರಿನ ಒಂದು ಭಾಗವಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ತೋಟದ ಅಂಚಿನ ಅಗಳದ (ಕಂದಕದ) ಪಕ್ಕ ನಿಂತೇ ತಾಳೆ ನೋಡಿ. ಬೇಲಿ ಬೆಟ್ಟದೊಳಕ್ಕೆ ಸರಿದಿರುವುದು ನಮ್ಮ ಕಡೆ ಹೊಸದೇನಲ್ಲ.